ಉಮೇದು

ಉಮೇದು (ರೂಪಾಂತರ: ಉಮೇದಿ) ಎಂಬುದು ಕನ್ನಡದಲ್ಲಿ ಉತ್ಸಾಹ, ಹುರುಪು, ಏನನ್ನಾದರೂ ಮಾಡಬೇಕೆಂದು ಮನಸ್ಸು ಮುನ್ನುಗ್ಗುವ ಸ್ಥಿತಿ ಎಂಬ ಅರ್ಥಗಳಲ್ಲಿ ಬಳಕೆಯಲ್ಲಿರುವ ನಾಮಪದ. ಇದರ ಮೂಲ ಪಾರಸಿ ಭಾಷೆಯಲ್ಲಿದ್ದು, ಅಲ್ಲಿ ಇದಕ್ಕೆ ಭರವಸೆ, ನಿರೀಕ್ಷೆ ಎಂಬ ಅರ್ಥವಿದೆ. ಕನ್ನಡಕ್ಕೆ ಬಂದ ಮೇಲೆ ಪದ ಎರಡು ಕವಲಾಯಿತು. ಆಡುಮಾತಿನ ಕವಲಿನಲ್ಲಿ ಭರವಸೆ ಉತ್ಸಾಹವಾಗಿ ಬದಲಾಯಿತು. ಆಡಳಿತದ ಕವಲಿನಲ್ಲಿ ಉಮೇದುವಾರ, ಉಮೇದುವಾರಿಕೆ ಎಂಬ ರೂಪಗಳು ಹುಟ್ಟಿ ಹಳೆಯ ನಿರೀಕ್ಷೆಯ ಅರ್ಥವನ್ನೇ ಉಳಿಸಿಕೊಂಡವು. ಉತ್ತರ ಕರ್ನಾಟಕದಲ್ಲೂ ಮಧ್ಯ ಕರ್ನಾಟಕದ ಗಡಿಸೀಮೆಯಲ್ಲೂ ಈ ಪದದ ಬಳಕೆ ಹೆಚ್ಚು. ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯೂ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳೂ ಸೇರಿದ ಸೀಮೆಯಲ್ಲಿ ಎರಡು ಕವಲುಗಳೂ ಒಟ್ಟಿಗೆ ಜೀವಂತವಾಗಿವೆ. ಈ ಲೇಖನದ ಉದಾಹರಣೆಗಳಲ್ಲಿ ಹೆಚ್ಚಿನವು ಆ ಸೀಮೆಗೆ ಸಂಬಂಧಿಸಿದವು.

ಅರ್ಥ

ಉಮೇದು ಎಂದರೆ ಬರೀ ಸಂತೋಷವಲ್ಲ, ಬರೀ ಉದ್ವೇಗವೂ ಅಲ್ಲ. ಮುಂದೆ ಒಂದು ಕೆಲಸ, ಪ್ರಯಾಣ, ಆಟ ಇಲ್ಲವೇ ಸ್ಪರ್ಧೆ ಇದ್ದು, ಅದು ತನ್ನಿಂದ ಆಗುತ್ತದೆ ಎಂಬ ನೆಚ್ಚಿಗೆ ಒಳಗಿದ್ದಾಗ ಮೈಮನಸ್ಸುಗಳಲ್ಲಿ ಏಳುವ ಚುರುಕೇ ಉಮೇದು. ಆದ್ದರಿಂದ ಇದಕ್ಕೆ ಯಾವಾಗಲೂ ಮುಂದಿನದೊಂದು ಗುರಿ ಬೇಕು. ಪಂದ್ಯ ಮುಗಿದು ಗೆದ್ದವರು ಕುಣಿಯುತ್ತಿದ್ದರೆ ಕನ್ನಡಿಗರು 'ಗೆದ್ದ ಸಂಭ್ರಮ' ಎನ್ನುತ್ತಾರೆ. ಪಂದ್ಯಕ್ಕೆ ಮುಂಚೆ ಅದೇ ಹುಡುಗರು ತೊಡೆ ತಟ್ಟಿ ನಿಂತಿದ್ದರೆ 'ಗೆಲ್ಲುವ ಉಮೇದು' ಎನ್ನುತ್ತಾರೆ. ಈ ಎರಡು ಪದಗುಚ್ಛಗಳನ್ನು ಅದಲುಬದಲು ಮಾಡಿದರೆ ಮಾತು ಕಿವಿಗೆ ಒಗ್ಗುವುದಿಲ್ಲ.

ವಾಕ್ಯರಚನೆಯಲ್ಲೂ ಇದು ಕಾಣುತ್ತದೆ. ಸಂಭ್ರಮ ಸಾಮಾನ್ಯವಾಗಿ ಭೂತಕಾಲದ ಕೃದಂತವನ್ನು ಬಯಸುತ್ತದೆ: ಬಂದ ಸಂಭ್ರಮ, ಪಡೆದ ಸಂಭ್ರಮ. ಉಮೇದಿಗೆ ಭವಿಷ್ಯತ್ತಿನ ಕೃದಂತ ಸಹಜ: ಬರೆಯುವ ಉಮೇದು, ಕಟ್ಟುವ ಉಮೇದು, ಕಲಿಯಬೇಕೆಂಬ ಉಮೇದು. 'ಗೆದ್ದ ಉಮೇದಿನಲ್ಲಿ' ಎಂದು ಯಾರಾದರೂ ಹೇಳಿದರೂ ಕೇಳುವವರು 'ಇನ್ನೊಂದು ಪಂದ್ಯಕ್ಕೂ ಇಳಿದರು' ಎಂಬಂಥ ಮುಂದಿನ ಮಾತಿಗೆ ಕಾಯುತ್ತಾರೆ. ಪಾರಸಿಯ ಭರವಸೆ ಕನ್ನಡದಲ್ಲಿ ಮೇಲ್ನೋಟಕ್ಕೆ ಮರೆಯಾದರೂ, ಈ ಮುನ್ನೋಟದ ಗುಣವಾಗಿ ಪದದೊಳಗೆ ಉಳಿದಿದೆ.

ವ್ಯುತ್ಪತ್ತಿ

ಪದದ ಬೇರು ಮಧ್ಯ ಪಾರಸಿಯ, ಅಂದರೆ ಪಹ್ಲವಿಯ, 'ಏಮೇದ್' ಎಂಬ ರೂಪಕ್ಕೆ ಹೋಗುತ್ತದೆ. ಮುಂದಿನ ಪಾರಸಿಯಲ್ಲಿ ಇದು 'ಉಮೇದ್' ಎಂದೂ ಮಕಾರಕ್ಕೆ ಒತ್ತು ಬಂದು 'ಉಮ್ಮೇದ್' ಎಂದೂ ಆಯಿತು. ಇಂದಿನ ಇರಾನಿನಲ್ಲಿ ಇದರ ಉಚ್ಚಾರ 'ಒಮೀದ್'. ಅದು ಅಲ್ಲಿ ಗಂಡುಮಕ್ಕಳ ಹೆಸರೂ ಹೌದು. ಹಳೆಯ ಪಾರಸಿಯ ದೀರ್ಘ ಏಕಾರ ಇರಾನಿನಲ್ಲಿ ಈಕಾರದೊಂದಿಗೆ ಬೆರೆತುಹೋಯಿತು. ಭಾರತದಲ್ಲೂ ಮಧ್ಯ ಏಷ್ಯಾದಲ್ಲೂ ಬಳಕೆಯಲ್ಲಿದ್ದ ಪಾರಸಿ ಅದನ್ನು ಬಹುಕಾಲ ಉಳಿಸಿಕೊಂಡಿತ್ತು. ತಾಜಿಕರು ಇಂದಿಗೂ 'ಉಮೇದ್' ಎನ್ನುತ್ತಾರೆ. ಕನ್ನಡದ ಉಮೇದು ಅದೇ ಏಕಾರವನ್ನು ಹೊತ್ತಿದೆ. ಹಾಗಾಗಿ ತೆಲಿಗಿಯ ರೈತನ ಬಾಯಲ್ಲಿ ಈ ಪದದ ನಡುವಣ ಸ್ವರ ಇಂದಿನ ತೆಹರಾನಿನ ಉಚ್ಚಾರಕ್ಕಿಂತ ಹಳೆಯದು.

ಕನ್ನಡದ್ದೇ ಆದ ಬದಲಾವಣೆಯೆಂದರೆ ಕೊನೆಯ ಉಕಾರ. ವ್ಯಂಜನಾಂತ ಎರವಲು ಪದಗಳಿಗೆ ಕನ್ನಡ ತನ್ನ ಸ್ವರವನ್ನು ಸೇರಿಸಿಕೊಳ್ಳುತ್ತದೆ. ಜೋರ್ 'ಜೋರು' ಆದದ್ದು, ಬಜಾರ್ 'ಬಜಾರು' ಆದದ್ದು, ಹಾಜಿರ್ 'ಹಾಜರು' ಆದದ್ದು ಇದೇ ಬಗೆಯಲ್ಲಿ. ಇಕಾರಾಂತವಾದ 'ಉಮೇದಿ' ಉತ್ತರದ ಆಡುಮಾತಿನಲ್ಲಿ ಹೆಚ್ಚು ಕೇಳಿಬರುತ್ತದೆ. ಬರವಣಿಗೆಯಲ್ಲಿ ಉಮೇದು ಎಂಬ ರೂಪವೇ ಮೇಲುಗೈ ಪಡೆದಿದೆ.

ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಬರುವ 'ಉಮ್ಮಹ' ಎಂಬ ಪದಕ್ಕೂ ಸಂತೋಷ, ಉತ್ಸಾಹ ಎಂಬ ಅರ್ಥವಿದೆ. ಧ್ವನಿ ಮತ್ತು ಅರ್ಥ ಎರಡೂ ಹತ್ತಿರವಿರುವುದರಿಂದ ಉಮೇದು ಅದರ ಸಂತಾನ ಎಂದು ತೋರಬಹುದು. ಆದರೆ ಎರಡಕ್ಕೂ ಸಂಬಂಧವಿಲ್ಲ: ಉಮ್ಮಹ ಈ ನೆಲದ ಹಳೆಯ ಕಾವ್ಯಭಾಷೆಯ ಪದ, ಉಮೇದು ದರಬಾರು ಮತ್ತು ದಫ್ತರಗಳ ದಾರಿಯಲ್ಲಿ ಬಂದದ್ದು. 'ಉಮ್ಮಳಿಸು' ಎಂಬ ಕ್ರಿಯಾಪದಕ್ಕೂ ಇದಕ್ಕೂ ನಂಟಿಲ್ಲ.

ಕನ್ನಡಕ್ಕೆ ಬಂದ ದಾರಿ

1347ರಲ್ಲಿ ಬಹಮನಿ ರಾಜ್ಯ ಕಲಬುರಗಿಯನ್ನು ಕೇಂದ್ರವಾಗಿಸಿಕೊಂಡು ಸ್ಥಾಪನೆಯಾದಾಗ ಕನ್ನಡ ನೆಲದ ಒಂದು ಭಾಗಕ್ಕೆ ಪಾರಸಿ ದರಬಾರಿನ ಭಾಷೆಯಾಯಿತು. ಬಹಮನಿಗಳ ನಂತರ ವಿಜಯಪುರದ ಆದಿಲ್‌ಶಾಹಿಗಳು ಬಂದರು. ಅವರಲ್ಲಿ ಮೊದಲನೆಯ ಇಬ್ರಾಹಿಂ (ಆಳ್ವಿಕೆ 1534–1558) ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ಬದಲಿಸಿ, ಅದನ್ನು ಬಲ್ಲ ಬ್ರಾಹ್ಮಣ ಗುಮಾಸ್ತರನ್ನು ನೇಮಿಸಿದ ಎಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಭಾಷೆ ಬದಲಾದರೂ ಕಚೇರಿಯ ಪರಿಭಾಷೆ ಬದಲಾಗಲಿಲ್ಲ. ಪಾರಸಿ ಪದಗಳು ಮರಾಠಿ ಬರೆಯುವ, ಕನ್ನಡ ಆಡುವ ಗುಮಾಸ್ತರ ಬಾಯಿಗೆ ಬಂದದ್ದು ಇಂಥ ಸನ್ನಿವೇಶದಲ್ಲಿ.

1565ರ ತಾಳಿಕೋಟೆ ಯುದ್ಧದ ಬಳಿಕ ವಿಜಯನಗರದ ಹಿಡಿತ ಸಡಿಲಗೊಂಡಾಗ ತುಂಗಭದ್ರೆಯ ದಕ್ಷಿಣಕ್ಕೆ ಪಾಳೆಯಗಾರರು ಬಲಗೊಂಡರು. ಹರಪನಹಳ್ಳಿಯ ನಾಯಕರು ಅವರಲ್ಲಿ ಪ್ರಮುಖರು. ಮುಂದಿನ ಎರಡು ಶತಮಾನಗಳಲ್ಲಿ ಈ ಸೀಮೆ ವಿಜಯಪುರ, ಮೊಗಲರು, ನಿಜಾಮ, ಮರಾಠರು, ಹೈದರ್, ಟಿಪ್ಪು ಎಂದು ಒಬ್ಬರಾದ ಮೇಲೊಬ್ಬರಿಗೆ ಕಪ್ಪ ತೆತ್ತಿತು. ಕಪ್ಪ ಕೇಳುವವರು ಬದಲಾದರೂ ಕಾಗದಪತ್ರದ ಮಾತು ಹೆಚ್ಚುಕಡಿಮೆ ಒಂದೇ ಆಗಿತ್ತು: ದರಖಾಸ್ತು, ಜಮಾಬಂದಿ, ರುಜು, ದಾಖಲೆ, ಹಾಜರು. ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಕಂದಾಯದ ದಫ್ತರದಲ್ಲಿ ಪಾರಸಿಗೆ ಇನ್ನಷ್ಟು ಸ್ಥಾನ ಸಿಕ್ಕಿತು.

1800ರಲ್ಲಿ ನಿಜಾಮ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 'ಬಿಟ್ಟುಕೊಟ್ಟ ಜಿಲ್ಲೆಗಳು' ಎಂದೇ ಹೆಸರಾದ ಈ ಸೀಮೆಗೆ ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದ. ರೈತವಾರಿ ಪದ್ಧತಿ ಇಲ್ಲಿ ಜಾರಿಗೆ ಬಂತು. ಅದರ ಜೊತೆಗೆ ಕಲೆಕ್ಟರ್, ಶಿರಸ್ತೇದಾರ, ತಹಸೀಲ್ದಾರ, ಗುಮಾಸ್ತ ಎಂಬ ಶ್ರೇಣಿಯೂ, ಆ ಶ್ರೇಣಿಯ ಕೆಳತುದಿಯಲ್ಲಿ ನೌಕರಿಗೆ ಕಾದು ಕೂತವರ ಒಂದು ವರ್ಗವೂ ಬೆಳೆಯಿತು. ಹೀಗೆ ಕಾದು ಕೂತವನಿಗೆ ಭಾರತದ ಉದ್ದಕ್ಕೂ ಇದ್ದ ಹೆಸರು ಉಮೇದ್‌ವಾರ್. 1886ರಲ್ಲಿ ಪ್ರಕಟವಾದ, ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಸಂಕಲಿಸಿದ 'ಹಾಬ್ಸನ್-ಜಾಬ್ಸನ್' ನಿಘಂಟು ಈ ಪದಕ್ಕೆ ಪ್ರತ್ಯೇಕ ನಮೂದು ಕೊಟ್ಟು, ಪಾರಸಿಯ ಭರವಸೆಯ ಪದದಿಂದ ಇದು ಬಂದಿದೆ ಎಂದೂ ನೌಕರಿಯ ಆಕಾಂಕ್ಷಿಯನ್ನು ಸೂಚಿಸುತ್ತದೆ ಎಂದೂ ವಿವರಿಸಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನಂಡ್ ಕಿಟ್ಟೆಲರ ಕನ್ನಡ ನಿಘಂಟು ಹಿಂದುಸ್ತಾನಿ ಮತ್ತು ಮರಾಠಿಯಿಂದ ಬಂದ ಪದಗಳನ್ನು ಬೇರೆಬೇರೆ ಸಂಕೇತಾಕ್ಷರಗಳಿಂದ ಗುರುತಿಸಿತು. ಇಂಥ ಪದಗಳು ಅಷ್ಟು ಹೊತ್ತಿಗೆ ಕನ್ನಡದಲ್ಲಿ ಎಷ್ಟು ಬೇರೂರಿದ್ದವು ಎಂಬುದು ಆ ಸಂಕೇತಗಳ ಸಂಖ್ಯೆಯಿಂದಲೇ ತಿಳಿಯುತ್ತದೆ. ಮುಂದೆ ಜಿ. ವೆಂಕಟಸುಬ್ಬಯ್ಯನವರು ಇಂಥ ಪದಗಳಿಗಾಗಿಯೇ 'ಎರವಲು ಪದಕೋಶ'ವನ್ನು ರಚಿಸಿದರು.

ಭರವಸೆ ಉತ್ಸಾಹವಾದದ್ದು

ಹಿಂದಿ ಮತ್ತು ಉರ್ದುವಿನಲ್ಲಿ 'ಉಮ್ಮೀದ್' ಇಂದಿಗೂ ಭರವಸೆ, ನಿರೀಕ್ಷೆ ಎಂಬ ಅರ್ಥದಲ್ಲೇ ನಿಂತಿದೆ. ಮರಾಠಿಯಲ್ಲಿ 'ಉಮೇದ್' ಭರವಸೆಯ ಜೊತೆಗೆ ಕೆಚ್ಚು, ಹುಮ್ಮಸ್ಸುಗಳನ್ನೂ ಸೂಚಿಸುತ್ತದೆ. ಮನುಷ್ಯನ ಹರೆಯದ ದುಡಿಮೆಯ ಕಾಲವನ್ನು ಮರಾಠಿಗರು ಉಮೇದಿನ ವರ್ಷಗಳು ಎನ್ನುತ್ತಾರೆ. ಎದೆಗುಂದಿದವನು ಅವರಿಗೆ 'ನಾಉಮೇದ್'. ಮಹಾರಾಷ್ಟ್ರ ಸರ್ಕಾರ ತನ್ನ ಗ್ರಾಮೀಣ ಜೀವನೋಪಾಯ ಅಭಿಯಾನಕ್ಕೆ 'ಉಮೇದ್' ಎಂದೇ ಹೆಸರಿಟ್ಟಿದೆ. ಕನ್ನಡದಲ್ಲಿ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭರವಸೆಯ ನೇರ ಅರ್ಥವನ್ನು ಬಿಟ್ಟು ಉತ್ಸಾಹದಲ್ಲೇ ನೆಲೆನಿಂತಿತು. 'ಮಳೆ ಬರುತ್ತದೆಂಬ ಉಮೇದಿದೆ' ಎಂದು ಕನ್ನಡಿಗರು ಹೇಳುವುದಿಲ್ಲ. ಅಲ್ಲಿ ಭರವಸೆ, ನಂಬಿಕೆ, ನೆಚ್ಚಿಗೆ ಎಂಬ ಪದಗಳೇ ಬರುತ್ತವೆ. ಮಳೆ ಬಂದ ಮೇಲೆ ಬಿತ್ತಲು ಬರುವುದು ಉಮೇದು.

ಈ ಪಲ್ಲಟಕ್ಕೆ ಭಾಷೆಯೊಳಗೇ ಕಾರಣವಿದೆ. ನಿರೀಕ್ಷೆಯ ಭಾವಕ್ಕೆ ಕನ್ನಡದಲ್ಲಿ ಆಸೆ, ಭರವಸೆ, ನೆಚ್ಚಿಗೆ, ನಂಬಿಕೆ, ನಿರೀಕ್ಷೆ ಎಂದು ಪದಗಳು ಸಾಕಷ್ಟಿದ್ದವು. ಹೊಸದಾಗಿ ಬಂದ ಪದಕ್ಕೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ಅದರ ಅಂಚಿನಲ್ಲಿದ್ದ ಜಾಗ, ಅಂದರೆ ನೆಚ್ಚಿಗೆಯಿಂದ ಕೈಕಾಲಿಗೆ ಬರುವ ಚುರುಕು, ಅದಕ್ಕೆ ದಕ್ಕಿತು. ಅರ್ಥವಿಜ್ಞಾನದಲ್ಲಿ ಇದು ಕಾರಣದಿಂದ ಕಾರ್ಯಕ್ಕೆ ಅರ್ಥ ಸರಿಯುವ ಬಗೆ.

ವ್ಯಾಕರಣ

ಉಮೇದು ನಪುಂಸಕಲಿಂಗದ ಪದ. ಉಮೇದಿನಿಂದ, ಉಮೇದಿಗೆ, ಉಮೇದಿನಲ್ಲಿ ಎಂದು ವಿಭಕ್ತಿಪ್ರತ್ಯಯಗಳು ಸೇರುತ್ತವೆ. ಉತ್ತರದ ಆಡುಮಾತಿನಲ್ಲಿ ತೃತೀಯಾರ್ಥಕ್ಕೆ 'ಉಮೇದಿಲೆ' ಎಂಬ ರೂಪವಿದೆ. ಉಮೇದು ಅನುಭವಿಸುವವನು ಕನ್ನಡ ವಾಕ್ಯದಲ್ಲಿ ಕರ್ತೃವಾಗುವುದಿಲ್ಲ, ಚತುರ್ಥಿಯಲ್ಲಿ ಬರುತ್ತಾನೆ: 'ಅವನಿಗೆ ಉಮೇದು ಬಂತು', 'ನನಗೆ ಉಮೇದಿಲ್ಲ'. ಹಸಿವು, ನಿದ್ದೆ, ಸಿಟ್ಟುಗಳ ಹಾಗೆ ಇದೂ ತಾನಾಗಿ ಬಂದುಹೋಗುವ ಸ್ಥಿತಿ ಎಂದು ಭಾಷೆ ಎಣಿಸಿದೆ.

ಜೊತೆಗೆ ಬರುವ ಕ್ರಿಯಾಪದಗಳು ಬಹಳವಿಲ್ಲ. ಇರುವವು ಗಟ್ಟಿಯಾಗಿ ಅಂಟಿಕೊಂಡಿವೆ. ಉಮೇದು ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಕುಗ್ಗುತ್ತದೆ, ಹೋಗುತ್ತದೆ. ಇನ್ನೊಬ್ಬರ ಉಮೇದನ್ನು ಹೆಚ್ಚಿಸಬಹುದು, ಕೆಡಿಸಬಹುದು, ತಗ್ಗಿಸಬಹುದು. ಸಂಭ್ರಮದಿಂದ 'ಸಂಭ್ರಮಿಸು', ಉತ್ಸಾಹದಿಂದ 'ಉತ್ಸಾಹಿ' ಹುಟ್ಟಿದ ಹಾಗೆ ಉಮೇದಿನಿಂದ ಕ್ರಿಯಾಪದವಾಗಲಿ, ಉತ್ಸಾಹವುಳ್ಳವನು ಎಂಬ ಅರ್ಥದ ನಾಮಪದವಾಗಲಿ ಹುಟ್ಟಲಿಲ್ಲ. ಅಂಥವನನ್ನು 'ಉಮೇದಿನ ಮನುಷ್ಯ' ಎಂದೇ ಕರೆಯಬೇಕು. ಹುಟ್ಟಬಹುದಾಗಿದ್ದ ಜಾಗದಲ್ಲಿ ಉಮೇದುವಾರ ಎಂಬ ಪದ ಮೊದಲೇ ಬೇರೆ ಅರ್ಥ ಹೊತ್ತು ಕೂತಿತ್ತು.

ತೆಲಿಗಿ ಸೀಮೆಯ ಬಳಕೆ

ತೆಲಿಗಿ, ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಕೊಟ್ಟೂರಿನಿಂದ ಹರಪನಹಳ್ಳಿಯ ಮೇಲೆ ಹರಿಹರದ ಕಡೆಗೆ ಸಾಗುವ ರೈಲುಮಾರ್ಗದಲ್ಲಿದೆ. ತಾಲ್ಲೂಕು 1953ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷದ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಹೀಗೆ ಬಳ್ಳಾರಿ, ದಾವಣಗೆರೆ, ಹಾವೇರಿ ಕಡೆಯ ಮಾತುಗಳು ಕೂಡುವ ಜಾಗವಾದ್ದರಿಂದ ಇಲ್ಲಿ ಉಮೇದು, ಉಮೇದಿ ಎರಡೂ ಕೇಳಿಬರುತ್ತವೆ.

ಸೀಮೆಯ ಬಹುಪಾಲು ಬೇಸಾಯ ಮಳೆಯನ್ನೇ ನೆಚ್ಚಿದೆ. ಮೆಕ್ಕೆಜೋಳ, ಜೋಳ, ಶೇಂಗಾ, ಸೂರ್ಯಕಾಂತಿ ಇಲ್ಲಿಯ ಮುಖ್ಯ ಬೆಳೆಗಳು. ರೋಹಿಣಿ ಮಳೆ ನೆಲ ಹದಮಾಡಿ, ಮೃಗಶಿರ (ಆಡುಮಾತಿನ ಮಿರಗ) ಮಳೆ ಕೂಡುವ ಜೂನ್ ಮೊದಲ ವಾರಗಳಲ್ಲಿ ಈ ಪದದ ಬಳಕೆಗೆ ಸುಗ್ಗಿ. 'ಮಳಿ ಚಲೋ ಆಗೈತಿ, ಬಿತ್ತಾಕ ಉಮೇದಿ ಬಂದೈತಿ' ಎಂಬ ಮಾತು ರೈತ ಸಂಪರ್ಕ ಕೇಂದ್ರದ ಮುಂದಿನ ಬೀಜದ ಸಾಲಿನಲ್ಲೂ ಚಹಾದಂಗಡಿಯ ಕಟ್ಟೆಯಲ್ಲೂ ಸಹಜ. ಮಳೆ ಕೈಕೊಟ್ಟು ಎರಡನೇ ಸಲ ಬಿತ್ತಬೇಕಾದಾಗ ಮಾತು ತಿರುಗುತ್ತದೆ: 'ಬೀಜ ಐತಿ, ಗೊಬ್ಬರ ಐತಿ, ಉಮೇದಿನ ಹೋಗೇತಿ.' ಈ ಎರಡನೆಯ ವಾಕ್ಯ ಪದದ ಅರ್ಥವನ್ನು ಯಾವ ನಿಘಂಟಿಗಿಂತಲೂ ನಿಖರವಾಗಿ ಹೇಳುತ್ತದೆ. ಸಾಮಗ್ರಿಯೆಲ್ಲ ಇದ್ದು, ಕೈ ಏಳದಿರುವಾಗ ಇಲ್ಲದಿರುವುದು ಯಾವುದೋ ಅದೇ ಉಮೇದು. ಎತ್ತುಗಳಿಗೂ ಪದ ಸಲ್ಲುತ್ತದೆ. ಬೇಸಿಗೆಯಲ್ಲಿ ಸುಮ್ಮನಿದ್ದ ಎತ್ತುಗಳು ಮೊದಲ ದಿನ ಕೂರಿಗೆಗೆ ಹೂಡಿದಾಗ ಬಿರುಸಾಗಿ ನಡೆದರೆ 'ಉಮೇದಿಲೆ ನಡೀತಾವ' ಎನ್ನುತ್ತಾರೆ. ಉಣ್ಣಲು ಮನಸ್ಸಿಲ್ಲದ ಮಗುವಿಗೆ 'ಊಟದ ಮ್ಯಾಲ ಉಮೇದಿಲ್ಲ' ಎನ್ನುವುದುಂಟು. ಗುಣವಾಗುತ್ತಿರುವ ರೋಗಿ ಎದ್ದು ಕೂತು ಮಾತಾಡತೊಡಗಿದರೆ 'ಈಗ ಸ್ವಲ್ಪ ಉಮೇದಿ ಬಂದೈತಿ' ಎನ್ನುತ್ತಾರೆ. ಅಲ್ಲಿ ಪದ ದೇಹದ ಕಸುವಿಗೂ ಚಾಚುತ್ತದೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ನಡೆಯುವ ಕಾರ್ಣಿಕೋತ್ಸವದಲ್ಲಿ ಈ ಸೀಮೆಯ ನಿರೀಕ್ಷೆ ಮತ್ತು ಉತ್ಸಾಹ ಒಟ್ಟಿಗೆ ಕಾಣಿಸುತ್ತವೆ. ಉಪವಾಸವಿದ್ದ ಗೊರವಯ್ಯ ಡೆಂಕನಮರಡಿ ಎಂಬ ಬಯಲಿನಲ್ಲಿ ಎತ್ತರದ ಬಿಲ್ಲನ್ನೇರುತ್ತಾನೆ. ಅಲ್ಲಿಯವರೆಗೆ 'ಏಳುಕೋಟಿ' ಘೋಷದಿಂದ, ಡಮರುಗದ ಸದ್ದಿನಿಂದ ತುಂಬಿದ್ದ ಬಯಲು ಅವನು 'ಸದ್ದಲೇ' ಎಂದೊಡನೆ ಮೌನವಾಗುತ್ತದೆ. ಅವನು ಒಂದೇ ಸಾಲಿನ ನುಡಿಯನ್ನಾಡಿ ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ. ಆ ಸಾಲು ವರ್ಷದ ಮಳೆ, ಬೆಳೆ, ರಾಜಕೀಯಗಳ ಮುನ್ಸೂಚನೆ ಎಂದು ಭಕ್ತರು ನಂಬುತ್ತಾರೆ. ಜನ ಚದುರುವ ಮೊದಲೇ ಅರ್ಥದ ಚರ್ಚೆ ಶುರುವಾಗುತ್ತದೆ, ಮರುದಿನ ಪತ್ರಿಕೆಗಳಲ್ಲೂ ಮುಂದುವರಿಯುತ್ತದೆ. ಬಯಲಿನಲ್ಲಿ ಕಾಯುವ ಗಳಿಗೆಯನ್ನು ಜನ ಕುತೂಹಲ, ಕಾತರ ಎನ್ನುತ್ತಾರೆ. ಜಾತ್ರೆಯ ಗದ್ದಲವನ್ನು ಸಂಭ್ರಮ ಎನ್ನುತ್ತಾರೆ. ಕಾರ್ಣಿಕ ಒಳ್ಳೆಯದಾಗಿ ಬಂತೆಂದು ಮನೆಗೆ ಮರಳಿ ಹೊಲದ ಕೆಲಸ ನೆನೆಯುವವನ ಮನಸ್ಥಿತಿಗೆ ಬಳಸುವ ಪದ ಉಮೇದು. ಒಂದೇ ಜಾತ್ರೆಯೊಳಗೆ ಈ ಪದಗಳ ಎಲ್ಲೆಗಳು ಇಷ್ಟು ಸ್ಪಷ್ಟವಾಗಿವೆ.

ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವ, ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ಜಾತ್ರೆ, ಹಡಗಲಿ ತಾಲ್ಲೂಕಿನ ಕುರುವತ್ತಿ ಜಾತ್ರೆಗಳಲ್ಲೂ ಪದದ ಬಳಕೆ ಹೀಗೆಯೇ. ತೇರಿನ ಮಿಣಿಗೆ ಕೈಹಾಕುವ ಹುಡುಗರು 'ಭಾಳ ಉಮೇದಿಲೆ' ಎಳೆಯುತ್ತಾರೆ. ದೂರದೂರಿಂದ ಕಾಲ್ನಡಿಗೆಯಲ್ಲಿ ಕೊಟ್ಟೂರಿಗೆ ಹೊರಡುವ ಭಕ್ತರ ಗುಂಪಿನಲ್ಲಿ ಹಿರಿಯರ ಉಮೇದು ಕಿರಿಯರದಕ್ಕಿಂತ ಹೆಚ್ಚು ಎಂಬುದು ನಡಿಗೆಯವರ ಮಾಮೂಲಿ ಮಾತು.

ಸೀಮೆಯ ದೊಡ್ಡಾಟದ ಮೇಳಗಳಿಗೂ ಇದು ಒಗ್ಗಿದ ಪದ. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಿರುವಾಗ ಊರ ಹುಡುಗರು ರಾತ್ರಿ ಸೇರಿ ಮಾಸ್ತರರ ಮುಂದೆ ಮಾತು, ಪದ, ಕುಣಿತ ಕಲಿಯುತ್ತಾರೆ. ಈ ಅಭ್ಯಾಸಕ್ಕೆ 'ತಾಲೀಮು' ಎಂಬ ಹೆಸರು. ಅದೂ ಎರವಲು ಪದವೇ, ಅರಬಿ ಮೂಲದ್ದು. ತಾಲೀಮಿಗೆ ತಪ್ಪದೆ ಬರುವವನು ಉಮೇದಿನವನು, ನಡುವೆ ಕೈಬಿಟ್ಟವನ 'ಉಮೇದಿ ಇಳೀತು'. ಇಲ್ಲೂ ಪದ ಹೆಚ್ಚಾಗಿ ಬಳಕೆಯಾಗುವುದು ಆಟದ ರಾತ್ರಿಗಲ್ಲ, ಅದಕ್ಕೆ ಮುಂಚಿನ ತಯಾರಿಯ ವಾರಗಳಿಗೆ.

ವ್ಯಂಗ್ಯದ ಬಳಕೆಯೂ ಇದೆ. ಬೇಡದ ಕೆಲಸಕ್ಕೆ ತಲೆಹಾಕುವವನಿಗೆ 'ಇಲ್ಲದ ಉಮೇದಿ ಬಂದೈತಿ ನಿನಗ' ಎನ್ನುತ್ತಾರೆ. ಸಾಲ ಮಾಡಿ ಮದುವೆ ಮಾಡುವವನ, ಗೆಲ್ಲದ ಕಡೆ ಚುನಾವಣೆಗೆ ನಿಲ್ಲುವವನ ಬಗೆಗೂ ಇದೇ ಮಾತು. ಆಧಾರವಿಲ್ಲದ ಭರವಸೆಯನ್ನು ಈ ಟೀಕೆ ಗುರಿಮಾಡುವುದರಿಂದ ಪದದ ಹಳೆಯ ಅರ್ಥ ಇಲ್ಲಿ ಮತ್ತೆ ತಲೆಯೆತ್ತುತ್ತದೆ.

ಉಮೇದುವಾರ ಮತ್ತು ಉಮೇದುವಾರಿಕೆ

ಪಾರಸಿಯ 'ವಾರ್' ಪ್ರತ್ಯಯ ಸೇರಿದ ಉಮೇದ್‌ವಾರ್ ಎಂದರೆ ನಿರೀಕ್ಷೆಯುಳ್ಳವನು. ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಇದು ನೌಕರಿಯ ಆಕಾಂಕ್ಷಿಗೆ, ಅದರಲ್ಲೂ ಖಾಯಂ ಆಗುವ ಆಸೆಯಿಂದ ಸಂಬಳವಿಲ್ಲದೆ ದುಡಿಯುವವನಿಗೆ ಸಲ್ಲುತ್ತಿತ್ತು. ಮರಾಠಿಯಲ್ಲಿ 'ಉಮೇದವಾರಿ'ಗೆ ಶಿಷ್ಯವೃತ್ತಿಯ ಅಭ್ಯಾಸ ಎಂಬ ಅರ್ಥ ಇಂದಿಗೂ ಇದೆ. ಬಂಗಾಳಿಯ 'ಉಮೇದಾರ್' ಕೆಲಸಕ್ಕಾಗಿ ಅಲೆಯುವವನು. ಕನ್ನಡದಲ್ಲಿ ದಕಾರಕ್ಕೆ ಉಕಾರ ಸೇರಿ ಉಮೇದುವಾರ ಆಯಿತು. ಅದರ ಮೇಲೆ ಅಚ್ಚಗನ್ನಡದ 'ಇಕೆ' ಪ್ರತ್ಯಯ ಕೂಡಿ ಉಮೇದುವಾರಿಕೆ ಹುಟ್ಟಿತು. ಪಾರಸಿ ಪ್ರಕೃತಿ, ಪಾರಸಿ ಪ್ರತ್ಯಯ, ಕನ್ನಡ ಭಾವನಾಮ ಪ್ರತ್ಯಯ ಮೂರೂ ಸೇರಿದ ಈ ಪದವನ್ನು ಬಳಸುವವರಿಗೆ ಬೆಸುಗೆಯ ಗುರುತೂ ಕಾಣುವುದಿಲ್ಲ. ಜವಾಬ್ದಾರಿಕೆ, ವಾರಸುದಾರಿಕೆ ಇದೇ ಮಾದರಿಯವು.

ಚುನಾವಣಾ ರಾಜಕೀಯ ಬಂದ ಮೇಲೆ ಪದ ನೌಕರಿಯಿಂದ ಮತಪೆಟ್ಟಿಗೆಗೆ ದಾಟಿತು. 1952ರ ಮೊದಲ ಮಹಾಚುನಾವಣೆಯಲ್ಲಿ ಈ ಸೀಮೆಯವರು ಮದ್ರಾಸ್ ವಿಧಾನಸಭೆಗೆ ಮತ ಹಾಕಿದರು. ಮುಂದಿನ ಚುನಾವಣೆಯ ಹೊತ್ತಿಗೆ ಮೈಸೂರು ರಾಜ್ಯದವರಾಗಿದ್ದರು. ಇಂದು ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ಪ್ರತ್ಯೇಕ ವಿಧಾನಸಭಾ ಕ್ಷೇತ್ರಗಳು. ಹರಪನಹಳ್ಳಿ ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೂ ಉಳಿದ ಮೂರು ಬಳ್ಳಾರಿಗೂ ಸೇರಿವೆ. 1951ರ ಜನಪ್ರಾತಿನಿಧ್ಯ ಕಾಯ್ದೆ ನಾಮಪತ್ರ ಸಲ್ಲಿಕೆಯನ್ನು 33ನೇ ಪ್ರಕರಣದಲ್ಲೂ ಉಮೇದುವಾರಿಕೆ ಹಿಂತೆಗೆತವನ್ನು 37ನೇ ಪ್ರಕರಣದಲ್ಲೂ ಹೇಳುತ್ತದೆ. ಕನ್ನಡದ 'ಉಮೇದುವಾರಿಕೆ ಹಿಂತೆಗೆದುಕೊಳ್ಳಲು ಕೊನೆಯ ದಿನ' ಎಂಬ ಸಿದ್ಧ ವಾಕ್ಯ ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗಿನ ಪ್ರಕಟಣೆಗಳಲ್ಲಿ ಕಾಣುತ್ತದೆ.

ಪತ್ರಿಕಾಭಾಷೆ ಇಲ್ಲಿ ಒಂದು ಸಣ್ಣ ಹಂಚಿಕೆ ಮಾಡಿಕೊಂಡಿದೆ. ಪಕ್ಷದ ಟಿಕೆಟ್ಟಿಗೆ ಓಡಾಡುವವನು 'ಆಕಾಂಕ್ಷಿ'. ಕಣಕ್ಕಿಳಿದವನು 'ಅಭ್ಯರ್ಥಿ' ಅಥವಾ 'ಹುರಿಯಾಳು'. ಅವನು ಸಲ್ಲಿಸುವುದು, ಹಿಂತೆಗೆಯುವುದು 'ಉಮೇದುವಾರಿಕೆ'. ವ್ಯಕ್ತಿಗೆ ಉಮೇದುವಾರ ಎಂಬ ಪದ ಕಡಿಮೆಯಾಗುತ್ತಿದೆ, ಪ್ರಕ್ರಿಯೆಗೆ ಉಮೇದುವಾರಿಕೆ ಗಟ್ಟಿಯಾಗಿ ನಿಂತಿದೆ. 2023ರಲ್ಲಿ ಹರಪನಹಳ್ಳಿಯಿಂದ ಗೆದ್ದ ಎಂ.ಪಿ. ಲತಾ ಅವರನ್ನು ಪತ್ರಿಕೆಗಳು 'ಪಕ್ಷೇತರ ಅಭ್ಯರ್ಥಿ' ಎಂದೇ ಬರೆದವು. 'ಪಕ್ಷೇತರ ಉಮೇದುವಾರ' ಎಂಬ ಜೋಡಿ ಇಂದು ಅಪರೂಪ. ಮೂಲವನ್ನು ನೋಡಿದರೆ ಈ ಪದಗಳ ದೃಷ್ಟಿ ಬೇರೆಬೇರೆ. ಅಭ್ಯರ್ಥಿ ಬೇಡುವವನು, ಉಮೇದುವಾರ ಎದುರುನೋಡುವವನು. ಇಂಗ್ಲಿಷಿನ ಕ್ಯಾಂಡಿಡೇಟ್ ಲ್ಯಾಟಿನ್ ಮೂಲದಲ್ಲಿ ಬಿಳಿಬಟ್ಟೆ ತೊಟ್ಟವನು. ರೋಮಿನಲ್ಲಿ ಮತ ಕೇಳುವವರು ಸೀಮೆಸುಣ್ಣದಿಂದ ಬೆಳ್ಳಗಾಗಿಸಿದ ನಿಲುವಂಗಿ ತೊಡುತ್ತಿದ್ದರು.

ನೆರೆಯ ಪದಗಳು

ಉತ್ಸಾಹ: ಸಂಸ್ಕೃತದ 'ಸಹ್' (ತಾಳು) ಧಾತುವಿನಿಂದ ಬಂದದ್ದು. ನಾಟ್ಯಶಾಸ್ತ್ರದಲ್ಲಿ ವೀರರಸದ ಸ್ಥಾಯೀಭಾವ. ಉಮೇದಿಗಿಂತ ಗ್ರಾಂಥಿಕ, ಹೆಚ್ಚು ವ್ಯಾಪಕ.

ಸಂಭ್ರಮ: 'ಭ್ರಮ್' (ಸುತ್ತು) ಧಾತುವಿನಿಂದ ಬಂದದ್ದು. ಸಂಸ್ಕೃತದಲ್ಲಿ ಗಡಿಬಿಡಿ, ತಳಮಳ, ಅವಸರ ಎಂಬ ಅರ್ಥಗಳಿವೆ. 14ನೇ ಶತಮಾನದ ವಿಶ್ವನಾಥ 'ಸಾಹಿತ್ಯದರ್ಪಣ'ದಲ್ಲಿ ಆವೇಗ ಎಂಬ ಸಂಚಾರೀಭಾವವನ್ನು ಸಂಭ್ರಮ ಎಂದೇ ವಿವರಿಸುತ್ತಾನೆ. ಕನ್ನಡದಲ್ಲಿ ತಳಮಳ ಹೋಗಿ ಹಬ್ಬದ ಸಡಗರ ಉಳಿದಿದೆ.

ರೋಮಾಂಚನ, ಪುಳಕ: ಮೈನವಿರೇಳುವ ಅನುಭವ. ಅಲಂಕಾರಶಾಸ್ತ್ರದ ಎಂಟು ಸಾತ್ತ್ವಿಕ ಭಾವಗಳಲ್ಲಿ ರೋಮಾಂಚ ಒಂದು. ಗಳಿಗೆಯ ಅನುಭವಕ್ಕೆ ಮಾತ್ರ ಸಲ್ಲುತ್ತದೆ.

ಹುರುಪು: ಅಚ್ಚಗನ್ನಡ. ಉಮೇದಿಗೆ ಅತ್ಯಂತ ಹತ್ತಿರದ ಪದ. ಹುರುಪು ಸ್ವಭಾವವೂ ಆಗಬಹುದು; ಉಮೇದು ಬಹುತೇಕ ಒಂದು ಸಂದರ್ಭಕ್ಕೆ ಬಂದು ಹೋಗುವಂಥದು.

ಖುಷಿ, ಜೋಶ್: ಎರಡೂ ಪಾರಸಿಯವು. ಖುಷಿ ಸಂತೋಷ. ಜೋಶ್‌ಗೆ ಮೂಲದಲ್ಲಿ ಕುದಿತ ಎಂಬ ಅರ್ಥ. ಇದು ಸಿನಿಮಾ, ಕ್ರಿಕೆಟ್, ಜಾಹೀರಾತುಗಳ ಮೂಲಕ ಇತ್ತೀಚೆಗೆ ಹರಡಿದ ಪದ.

ಇಂದಿನ ಸ್ಥಿತಿ

ದಕ್ಷಿಣದ ಹಳೆ ಮೈಸೂರು ಭಾಗದ ಆಡುಮಾತಿನಲ್ಲಿ ಉಮೇದು ಮೊದಲಿನಿಂದಲೂ ವಿರಳ. ಅಲ್ಲಿ ಹುಮ್ಮಸ್ಸು, ಹುರುಪು, ಉತ್ಸಾಹಗಳೇ ಹೆಚ್ಚು. ಪತ್ರಿಕೆ ಮತ್ತು ಸಾಹಿತ್ಯದ ಮೂಲಕ ಅದು ಬರಹದ ಭಾಷೆಯಾಗಿ ಎಲ್ಲೆಡೆ ಪರಿಚಿತವಾಗಿದೆ. ಪುಸ್ತಕ ವಿಮರ್ಶೆಗಳಲ್ಲಿ 'ಬರೆಯುವ ಉಮೇದು', ಕ್ರೀಡಾಪುಟಗಳಲ್ಲಿ 'ಗೆಲುವಿನ ಉಮೇದು' ಎಂಬ ಪ್ರಯೋಗಗಳು ಸಾಮಾನ್ಯ. ಇಲ್ಲೂ ಪದ ಮುಂದಾಗಬೇಕಾದುದರ ಕಡೆಗೇ ತಿರುಗಿದೆ.

ನಗರದ ಯುವಜನರ ಮಾತಿನಲ್ಲಿ ಜೋಶ್ ಎಂಬ ಪದವೂ, ಇಂಗ್ಲಿಷಿನಿಂದ ಬಂದ 'ಎಕ್ಸೈಟ್ ಆಗು' ಎಂಬ ಕ್ರಿಯಾಪದವೂ ಉಮೇದಿನ ಜಾಗಕ್ಕೆ ಬರುತ್ತಿವೆ. ಇವೆರಡೂ ನಡೆದದ್ದಕ್ಕೂ ನಡೆಯಲಿರುವುದಕ್ಕೂ ಭೇದವಿಲ್ಲದೆ ಸಲ್ಲುವುದರಿಂದ, ಅವು ಗೆದ್ದರೆ ಕನ್ನಡ ಕಳೆದುಕೊಳ್ಳುವುದು ಒಂದು ಪದವನ್ನಷ್ಟೇ ಅಲ್ಲ. ಕೆಲಸಕ್ಕೆ ಮುಂಚಿನ ಹುರುಪನ್ನು ಗೆದ್ದ ಮೇಲಿನ ಸಂತೋಷದಿಂದ ಬೇರೆಯಾಗಿ ಹೇಳುವ ಅನುಕೂಲವನ್ನೂ ಕಳೆದುಕೊಳ್ಳುತ್ತದೆ. ತೆಲಿಗಿ ಸೀಮೆಯಲ್ಲಿ ಸದ್ಯಕ್ಕೆ ಆ ಪೈಪೋಟಿ ದೊಡ್ಡದಲ್ಲ. ಬಿತ್ತನೆ ಮತ್ತು ಚುನಾವಣೆ ಇರುವವರೆಗೆ ಅಲ್ಲಿಯ ಮಾತಿಗೆ ಉಮೇದಿಯೂ ಬೇಕು, ಉಮೇದುವಾರಿಕೆಯೂ ಬೇಕು.